ಮಾರುವ ಮುಂಚೆ ಅಡುಗೆಮನೆ ಒಡೆಸಬೇಡಿ

ಮೈಸೂರಿನ 20 ವರ್ಷದ ಮನೆ ಮಾರುವ ಮುಂಚೆ 2 ಲಕ್ಷ ಹಾಕಿ ಮಾಡ್ಯುಲರ್ ಕಿಚನ್ ಮಾಡಿಸಲೋ, ಪೇಂಟ್ ಹೊಡೆಸಲೋ ಅಂತ ಕೇಳಿದ್ದೀರಿ. ಕಿಚನ್ ಬೇಡ ಸರ್. ಕೊಳ್ಳುವವರು ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತಾರೆ, ನಿಮ್ಮ ದುಡ್ಡು ಸುಮ್ನೆ ಹೋಗುತ್ತದೆ.

ಮೊದಲು ತಾರಸಿ ನೋಡಿ. ನೀರು ಇಳಿಯುವ ಜಾಗ ಸರಿ ಮಾಡಿಸದೆ ಬಣ್ಣ ಹೊಡೆಸಿದರೆ ಒಂದೇ ಮಳೆಗಾಲಕ್ಕೆ ಗೋಡೆ ಉಬ್ಬಿ ಪುಡಿ ಉದುರುತ್ತದೆ. ನಮ್ಮ ಮನೆ ನೋಡಲು ಬಂದವರೊಬ್ಬರು ಹಾಲ್ ಕಡೆ ತಿರುಗಲೇ ಇಲ್ಲ. ಸೀದಾ ಬಚ್ಚಲಿನ ಹಿಂದಿನ ಗೋಡೆಗೆ ಅಂಗೈ ಒತ್ತಿ ನೋಡಿದರು! ತೇವ ಸಿಕ್ಕಿತು, ಚೌಕಾಸಿ ಅಲ್ಲಿಂದಲೇ ಶುರು.

ಆಮೇಲೆ ಒಳಗೆ ತಿಳಿ ಬಣ್ಣ, ಸೋರುವ ನಲ್ಲಿಗೆ ವಾಷರ್, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ. ಇಷ್ಟು ಸಾಕು. ಖಾತಾ, ಕಂದಾಯದ ರಸೀದಿ, ಇಸಿ (ಆಸ್ತಿಯ ಮೇಲೆ ಸಾಲ-ಋಣ ಇದೆಯೇ ಅಂತ ತೋರಿಸುವ ಪತ್ರ) ಒಂದೇ ಫೈಲಿನಲ್ಲಿಡಿ. ಸಾಲ ಮಾಡಿ ಕೊಳ್ಳುವವರು ಬ್ಯಾಂಕಿಗೆ ಅದನ್ನೇ ಕೊಡಬೇಕಲ್ವಾ?