ಗಾಲ್ಫ್‌ನಲ್ಲಿ ಕಾರ್ಟ್ ಹಾದಿಯ ಮೇಲೆ ನಿಂತ ಚೆಂಡನ್ನು ಯಾವ ಬದಿಗೆ ಡ್ರಾಪ್ ಮಾಡಬೇಕು?

ಗಾಲ್ಫ್ ಆಡುವಾಗ ಚೆಂಡು ಸಿಮೆಂಟಿನ ಕಾರ್ಟ್ ಹಾದಿಯ (ಆಟಗಾರರ ಪುಟ್ಟ ಗಾಡಿಗಳು ಓಡಾಡುವ ದಾರಿಯ) ಮೇಲೆ ನಿಂತಾಗ ಜೊತೆಗಾರರಲ್ಲಿ ಒಬ್ಬರು ಯಾವ ಬದಿಗಾದರೂ ಡ್ರಾಪ್ ಮಾಡಬಹುದು, ಅಂದರೆ ಚೆಂಡನ್ನೆತ್ತಿ ಕೈಯಿಂದ ಕೆಳಗೆ ಬಿಡಬಹುದು ಎಂದರು, ಇನ್ನೊಬ್ಬರು ಒಂದು ಸ್ಟ್ರೋಕ್ (ಹೊಡೆತ) ಪೆನಾಲ್ಟಿ ಎಂದರು, ಯಾರ ಮಾತು ಸರಿ ಎಂದು ಕೇಳಿದ್ದೀರಿ. ಇಬ್ಬರದೂ ಸರಿಯಲ್ಲ. ಕಾರ್ಟ್ ಹಾದಿ, ಸ್ಪ್ರಿಂಕ್ಲರ್‌ನ ತಲೆ, ನೀರಿನ ಟ್ಯಾಂಕು ಮುಂತಾದ ಕದಲಿಸಲಾಗದ ಮಾನವನಿರ್ಮಿತ ವಸ್ತುಗಳು ಗಾಲ್ಫ್ ನಿಯಮಗಳಲ್ಲಿ 16ನೆಯದಕ್ಕೆ ಸೇರುತ್ತವೆ. ಚೆಂಡು ಅವುಗಳನ್ನು ಮುಟ್ಟಿದ್ದರೆ, ಅಥವಾ ನೀವು ನಿಲ್ಲುವ ಜಾಗಕ್ಕೋ ಕ್ಲಬ್ (ಚೆಂಡು ಹೊಡೆಯುವ ಕೋಲು) ಬೀಸುವ ಜಾಗಕ್ಕೋ ಅವು ಅಡ್ಡಬಂದರೆ, ಪೆನಾಲ್ಟಿಯಿಲ್ಲದೆ ಡ್ರಾಪ್ ಮಾಡುವ ಹಕ್ಕು ನಿಮಗಿದೆ. ಚೆಂಡು ಸಾಗಬೇಕಾದ ದಾರಿಗೆ ಮಾತ್ರ ಅಡ್ಡವಿದ್ದರೆ ಈ ಹಕ್ಕು ಸಾಮಾನ್ಯವಾಗಿ ಸಿಗುವುದಿಲ್ಲ; ಕೆರೆ, ಹಳ್ಳದಂಥ, ಗುರುತು ಹಾಕಿದ ಪೆನಾಲ್ಟಿ ಏರಿಯಾದೊಳಗೆ ಅದು ಇಲ್ಲವೇ ಇಲ್ಲ.

ಬದಿಯನ್ನು ಆರಿಸುವ ಸ್ವಾತಂತ್ರ್ಯ ಮಾತ್ರ ಆಟಗಾರನಿಗಿಲ್ಲ. ಹೋಲ್‌ಗೆ ಹತ್ತಿರವಾಗದಂತೆ, ಹಾದಿಯ ತೊಂದರೆ ಪೂರ್ತಿಯಾಗಿ ತಪ್ಪುವ ಅತಿ ಸಮೀಪದ ಒಂದೇ ಬಿಂದುವನ್ನು ನಿಯಮ ಕೇಳುತ್ತದೆ. ಬಲಗೈ ಆಟಗಾರನು ಗುರಿಯತ್ತ ನೋಡಿದಾಗ ಚೆಂಡಿನ ಎಡಕ್ಕೆ ನಿಲ್ಲುವುದರಿಂದ, ಹಾದಿಯ ಬಲಬದಿಗೆ ಹೋದರೆ ಪಾದಗಳೂ ಹಾದಿ ದಾಟುವಷ್ಟು ದೂರ ಚೆಂಡನ್ನು ಒಯ್ಯಬೇಕಾಗುತ್ತದೆ; ಎಡಬದಿಯಲ್ಲಾದರೆ ಚೆಂಡೂ ಕ್ಲಬ್‌ನ ತಲೆಯೂ ಹಾದಿಯಿಂದ ಹೊರಬಿದ್ದರೆ ಸಾಕು. ಆದ್ದರಿಂದ ಚೆಂಡು ಹಾದಿಯ ನಡುವೆ ಇದ್ದಾಗ ಅವನ ಬಿಂದು ಸಾಮಾನ್ಯವಾಗಿ ಎಡಕ್ಕೇ ಬೀಳುತ್ತದೆ, ಅಲ್ಲಿ ಒಳ್ಳೆಯ ಹುಲ್ಲಿರಲಿ, ಮುಳ್ಳಿನ ಪೊದೆಯಿರಲಿ.

ಈ ಪೊದೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಒಂದು ಪಂದ್ಯದಲ್ಲಿ ನಾನು ಯೋಚಿಸದೆ ಮೊದಲು ಚೆಂಡನ್ನೆತ್ತಿಕೊಂಡೆ. ಆಮೇಲೆ ಅಳೆದು ನೋಡಿದರೆ ಬಿಂದು ಪೊದೆಯ ಒಳಗಿತ್ತು. ಎತ್ತಿದ ಮೇಲೆ ಮನಸ್ಸು ಬದಲಾಯಿಸಿ ಚೆಂಡನ್ನು ಹಾದಿಯ ಮೇಲೆ ಮರಳಿ ಇಟ್ಟಿದ್ದಕ್ಕೆ ಒಂದು ಸ್ಟ್ರೋಕ್ ತೆರಬೇಕಾಯಿತು. ಮೊದಲೇ ನೋಡಿಕೊಂಡಿದ್ದರೆ ಸಿಮೆಂಟಿನ ಮೇಲಿಂದಲೇ ಪೆನಾಲ್ಟಿಯಿಲ್ಲದೆ ಆಡಬಹುದಿತ್ತು. ಹಾಗಾಗಿ ಚೆಂಡು ಇದ್ದಲ್ಲೇ ಇರಲಿ. ಆ ಹೊಡೆತಕ್ಕೆ ಬಳಸಲಿದ್ದ ಕ್ಲಬ್ ಹಿಡಿದು, ನಿಂತು ನೋಡಿ, ಬಿಂದುವಿಗೆ ಟೀ (ಚೆಂಡನ್ನಿಡುವ ಪುಟ್ಟ ಮೊಳೆ) ಚುಚ್ಚಿದ ನಂತರವೇ ಎತ್ತುವ ನಿರ್ಧಾರ ಮಾಡಿ.

ಆ ಬಿಂದುವಿನಿಂದ ಒಂದು ಕ್ಲಬ್‌ನಷ್ಟು ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ, ಮೊಣಕಾಲಿನ ಎತ್ತರದಿಂದ ಚೆಂಡನ್ನು ಬಿಡಬೇಕು. ಭುಜದ ಎತ್ತರದಿಂದ ಬಿಡುವ ಪದ್ಧತಿ 2019ರಲ್ಲಿ ಹೋಯಿತು. ಅಳತೆಗೆ ಪಟರ್ (ಚೆಂಡನ್ನು ಹೋಲ್‌ನತ್ತ ಉರುಳಿಸುವ ಕ್ಲಬ್) ಬಿಟ್ಟು ನಿಮ್ಮ ಬಳಿಯಿರುವ ಅತಿ ಉದ್ದದ ಕ್ಲಬ್ ಲೆಕ್ಕ. ಸರಿಯಾಗಿ ಬಿಟ್ಟರೂ ಚೆಂಡು ಎರಡು ಸಲ ಆ ಜಾಗದಿಂದ ಹೊರಗೆ ಉರುಳಿದರೆ, ಎರಡನೆಯ ಸಲ ಅದು ನೆಲ ಮುಟ್ಟಿದ ಕಡೆ ಇಡಬೇಕು. ತಪ್ಪು ಜಾಗದಿಂದ ಆಡಿದರೆ ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಎರಡು ಸ್ಟ್ರೋಕ್ ಪೆನಾಲ್ಟಿ.

ಬಂಕರ್‌ನ (ಮರಳುಗುಂಡಿಯ) ಕುಂಟೆ, ಬಾಟಲಿಯಂಥ ಕದಲುವ ವಸ್ತುಗಳಿಗೆ ಇಷ್ಟೆಲ್ಲ ಬೇಕಿಲ್ಲ. ತೆಗೆದು ಬದಿಗಿಡಿ, ಆಗ ಚೆಂಡು ಸರಿದರೆ ಪೆನಾಲ್ಟಿಯಿಲ್ಲದೆ ಇದ್ದಲ್ಲಿಗೇ ಇಡಿ. ಆದರೆ ಅಂಗಳದ ಗಡಿಯನ್ನು ತೋರಿಸುವ ಬಿಳಿ ಗೂಟವನ್ನೂ ಬೇಲಿಯನ್ನೂ ನಿಯಮವು ಅಡಚಣೆಯೆಂದೇ ಪರಿಗಣಿಸುವುದಿಲ್ಲ. ಅವು ಬೀಸಿಗೆ ಅಡ್ಡಬಂದರೂ ಫ್ರೀ ಡ್ರಾಪ್ ಇಲ್ಲ, ಆ ಗೂಟ ಕೈಗೆ ಸುಲಭವಾಗಿ ಕಿತ್ತುಬರುವಂತಿದ್ದರೂ ಕೀಳುವಂತಿಲ್ಲ.