ಮುಂದೆ ಯಾವ ನಾಣ್ಯದ ಬೆಲೆ ಏರುತ್ತದೆ ಅಂತ ಮೊದಲೇ ಹೇಳಬಹುದಾ?

ಅಂದಾಜು ಮಾಡಬಹುದು, ಅಷ್ಟೇ. ಯಾರಾದರೂ ಖಂಡಿತ ಏರುತ್ತದೆ ಅಂದರೆ, ಅದೇ ನಾಣ್ಯ ಅವರ ಹತ್ತಿರ ಮಾರಾಟಕ್ಕಿದೆಯಾ ನೋಡಿಕೊಳ್ಳಿ!

ಹಳೆಯದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ರೋಮನ್ ಕಾಲದ ಎಷ್ಟೋ ತಾಮ್ರದ ನಾಣ್ಯಗಳು ಇವತ್ತೂ ಅಗ್ಗ, ಏಕೆಂದರೆ ರಾಶಿ ರಾಶಿ ಉಳಿದಿವೆ. ಅದೇ ಲಂಡನ್ನಿನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್ ಹೆಸರಿನ, ಬ್ರಿಟನ್ನಿನ 2009ರ 50 ಪೆನ್ಸ್ ನಾಣ್ಯ ಟಂಕಿಸಿದ್ದು 2,10,000 ಮಾತ್ರ. ಆದರೂ ಬೆಲೆ ಜಿಗಿದದ್ದು ಆ ಸಂಖ್ಯೆ ಸುದ್ದಿಯಾದ ಮೇಲೆ. ಕಡಿಮೆ ಇದ್ದರೆ ಸಾಲದು, ಬೇಕು ಅನ್ನುವವರೂ ಜಾಸ್ತಿ ಇರಬೇಕು ಅಲ್ವಾ?

ಚಿನ್ನ, ಬೆಳ್ಳಿಯ ಸಾಮಾನ್ಯ ನಾಣ್ಯಗಳು ಲೋಹದ ದರದ ಜೊತೆ ಏರಿಳಿಯುತ್ತವೆ. ಮಾರುವವರು ಕೇಳುವ ಬೆಲೆ ಬಿಡಿ, ಹರಾಜಿನಲ್ಲಿ ನಿಜಕ್ಕೂ ಕೈಬದಲಾದ ಬೆಲೆ ಗಮನಿಸಿ. ಮತ್ತೆ, ಹೊಳೆಯಲಿ ಅಂತ ಸುಮ್ನೆ ಉಜ್ಜಬೇಡಿ. ಕೂದಲೆಳೆಯಂಥ ಗೀರು ಬಿದ್ದರೂ ಬೆಲೆ ಕುಸಿಯುತ್ತದೆ.