ನಾರಾಯಣ, ನಾರಾಯಣನ್ ಇಬ್ಬರೂ ನಮ್ಮಪ್ಪನೇ

ಮಾರಾಯ, ಮೊನ್ನೆ ಮದುವೆ ಮನೆಯಲ್ಲಿ ನೀನು ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಲು ಆಗಲಿಲ್ಲ. ಪಂಕ್ತಿ ಎದ್ದಿತ್ತು, ನನಗೆ ಬಸ್ಸಿಗೆ ಹೊತ್ತಾಗಿತ್ತು. "ನೀವು ಕೇರಳದವರು ತಾನೇ, ಸರ್ಕಾರಿ ಆಫೀಸಿನಲ್ಲಿ ಕನ್ನಡವೇ ಬೇಕು ಅಂತ ಯಾಕೆ ಹಟ? ಮಲಯಾಳ ಕಲಿತರೆ ಮುಗೀತಲ್ವಾ?" ಎಂದು ಕೇಳಿದೆ. ಅದಕ್ಕೆ ಸ್ವಲ್ಪ ಮೊದಲು ನಿನ್ನ ಹೆಂಡತಿ, "ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!" ಎಂದು ಹೊಗಳಿದ್ದರು. ಅವರು ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೆ ಮೈಸೂರಿನಲ್ಲಿ ನಿನಗೆ ಯಾರಾದರೂ ಹಾಗೆ ಹೇಳಿದ್ದುಂಟಾ? ಮನೆಯಲ್ಲಿ ಆಡುವ ಮಾತಿಗೆ ಹೊಗಳಿಕೆ ಸಿಕ್ಕಾಗ, ನಾವು ಹೊರಗಿನವರು ಎಂದೇ ಕೇಳಿಸುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಅಜ್ಜ ಹುಟ್ಟಿದ್ದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಅಪ್ಪ ಶಾಲೆಗೆ ಸೇರಿದ್ದು ಕೇರಳದ ಕಣ್ಣೂರು ಜಿಲ್ಲೆಯಲ್ಲಿ. ನನ್ನ ಮಗಳು ಹುಟ್ಟಿದ್ದು ಕಾಸರಗೋಡು ಜಿಲ್ಲೆಯಲ್ಲಿ. ಮೂವರದ್ದೂ ಒಂದೇ ಮನೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1984ರ ಮೇ 24ರಂದು ಕಣ್ಣೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಆಮೇಲೆ ಮಂಜೇಶ್ವರವೂ ಬೇರೆ ತಾಲೂಕಾಯಿತು. ನಾವು ಎಲ್ಲಿಗೂ ವಲಸೆ ಹೋಗಲಿಲ್ಲ. ನೀನು "ನೀವು ಅಲ್ಲಿಗೆ ಯಾವಾಗ ಹೋದದ್ದು?" ಎಂದು ಕೇಳಿದೆಯಲ್ಲ, ಅದಕ್ಕೆ ಇದೇ ಉತ್ತರ.

ಇದರಲ್ಲಿ ಒಂದು ವಿಷಯ ನನ್ನನ್ನು ಈಗಲೂ ಕೊರೆಯುತ್ತದೆ. ರಾಜ್ಯಗಳ ಗಡಿ ಹೊಸದಾಗಿ ಗೆರೆ ಹಾಕಲು ನೇಮಿಸಿದ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಾಗ ನಮ್ಮ ತಾಲೂಕನ್ನು ಇಡಿಯಾಗಿ ಒಂದು ಗಂಟು ಎಂದು ನೋಡಿತು. ತಾಲೂಕಿನ ದಕ್ಷಿಣದ ಕಡೆ ಮಲಯಾಳ ಜಾಸ್ತಿ, ಉತ್ತರದ ಕಡೆ ಕನ್ನಡ, ತುಳು ಜಾಸ್ತಿ. ಒಟ್ಟು ಲೆಕ್ಕ ಹಾಕಿದಾಗ ಉತ್ತರದವರು ಆ ಲೆಕ್ಕದೊಳಗೆ ಕರಗಿಹೋದರು. ಆಮೇಲೆ ಗಡಿ ವಿವಾದ ನೋಡಲು ಬಂದ ಮಹಾಜನ್ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತು. ಅದು ಜಾರಿಗೆ ಬರಲಿಲ್ಲ. ತಾಲೂಕು ಎಂದರೆ ನಿನಗೆ ತಹಶೀಲ್ದಾರರು ಕೂರುವ ಒಂದು ಕಟ್ಟಡ ಅಷ್ಟೇ. ನಮಗೆ ಮಾತ್ರ, ಎಣಿಸುವಾಗ ತಾಲೂಕನ್ನು ಹಿಡಿಯುತ್ತಾರೋ ಹಳ್ಳಿಯನ್ನು ಹಿಡಿಯುತ್ತಾರೋ ಎಂಬುದರ ಮೇಲೆ ಮೂರು ತಲೆಮಾರಿನ ಬದುಕು ನಿಂತಿತು.

ಈಗ ಆಡಳಿತದ ಕಥೆ. ನಿಮ್ಮ ಡಿಸಿ ನಮ್ಮಲ್ಲಿ ಕಲೆಕ್ಟರು. ನಿಮ್ಮ ಹೋಬಳಿ, ನಾಡಕಚೇರಿ ನಮ್ಮಲ್ಲಿ ಇಲ್ಲವೇ ಇಲ್ಲ. ತಾಲೂಕಿನ ಕೆಳಗೆ ನೇರ ವಿಲ್ಲೇಜ್ ಆಫೀಸು. ಅಲ್ಲಿ ವಿಲ್ಲೇಜ್ ಆಫೀಸರು ಇರುತ್ತಾರೆ. ಜಾಗದ ತೀರ್ವೆ ಕಟ್ಟುವುದು, ಆದಾಯದ ಸರ್ಟಿಫಿಕೇಟು, ಜಾತಿ ಸರ್ಟಿಫಿಕೇಟು, ಜಾಗ ನಮ್ಮ ಕೈಯಲ್ಲಿದೆ ಎನ್ನುವ ಕಾಗದ, ಎಲ್ಲದಕ್ಕೂ ಅಲ್ಲಿಗೇ ಹೋಗಬೇಕು. ಇದು ಕಂದಾಯದ ಏಣಿ. ಪಂಚಾಯತು ಬೇರೆ ಏಣಿ. ಗ್ರಾಮ ಪಂಚಾಯತು, ಅದರ ಮೇಲೆ ಬ್ಲಾಕ್ ಪಂಚಾಯತು, ಅದರ ಮೇಲೆ ಜಿಲ್ಲಾ ಪಂಚಾಯತು. ನಿಮ್ಮಲ್ಲಿ ನಡುವೆ ತಾಲೂಕು ಪಂಚಾಯ್ತಿ, ನಮ್ಮಲ್ಲಿ ಬ್ಲಾಕು. ನಮ್ಮ ಜಿಲ್ಲೆಯಲ್ಲಿ ತಾಲೂಕು ನಾಲ್ಕು, ಬ್ಲಾಕು ಆರು. ಹಾಗಾಗಿ ಎರಡು ಏಣಿಗಳ ಮೆಟ್ಟಿಲು ಒಂದಕ್ಕೊಂದು ಕೂಡುವುದಿಲ್ಲ. ಪಂಚಾಯತಿನ ಗಡಿ, ವಿಲ್ಲೇಜಿನ ಗಡಿ ಕೂಡ ಬೇರೆ ಬೇರೆ. ಒಂದೇ ಪಂಚಾಯತಿನೊಳಗೆ ಎರಡು ಮೂರು ವಿಲ್ಲೇಜು ಇರುವುದು ಸಾಮಾನ್ಯ. "ವಿಲ್ಲೇಜ್ ಆಫೀಸು ಅಂದರೆ ಪಂಚಾಯ್ತಿ ಆಫೀಸೇ ಅಲ್ವಾ?" ಎಂದು ನೀನು ಕೇಳಿದ್ದು ಅದಕ್ಕೇ ತಪ್ಪು.

ನಮ್ಮ ಪಂಚಾಯತಿನ ಬಗ್ಗೆ ಮಾತ್ರ ನನಗೆ ಹೆಮ್ಮೆ ಇದೆ. ಇದನ್ನು ನಿನಗೆ ಒತ್ತಿ ಹೇಳಬೇಕು. ಕೇರಳ ಇಡೀ ರಾಜ್ಯಕ್ಕೆ ಗ್ರಾಮ ಪಂಚಾಯತು 941. ಕರ್ನಾಟಕದಲ್ಲಿ ಆರು ಸಾವಿರದ ಹತ್ತಿರ. ಹಾಗಾಗಿ ಇಲ್ಲಿನ ಒಂದು ಪಂಚಾಯತು ಅಂದರೆ ಸರಾಸರಿ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ. ಅದಕ್ಕೆ ಕೆಲಸವೂ ದೊಡ್ಡದೇ. ಪ್ರಾಥಮಿಕ ಆರೋಗ್ಯ ಕೇಂದ್ರ, ದನದ ಆಸ್ಪತ್ರೆ, ಕೃಷಿ ಭವನ, ಅಂಗನವಾಡಿ ಎಲ್ಲ ಪಂಚಾಯತಿನ ಕಣ್ಣ ಕೆಳಗೆ. 1996ರಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಊರಿನವರೇ ಮಾಡುವ ಕ್ರಮ, ಶುರುವಾದಾಗ ರಾಜ್ಯದ ಯೋಜನೆಯ ಹಣದಲ್ಲಿ ಮೂರನೇ ಒಂದಕ್ಕೂ ಜಾಸ್ತಿ ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವುದು ಎಂದಾಯಿತು. ಗ್ರಾಮಸಭೆ ನಮ್ಮಲ್ಲಿ ವಾರ್ಡಿಗೊಂದು, ಮೂರು ತಿಂಗಳಿಗೊಮ್ಮೆ ಸೇರಬೇಕು ಎಂದು ಕಾನೂನೇ ಇದೆ. ನಮ್ಮ ವಾರ್ಡಿನ ಸಭೆ ಶಾಲೆಯ ಹಾಲಿನಲ್ಲಿ ನಡೆಯುತ್ತದೆ. ಒಬ್ಬರು ತುಳುವಿನಲ್ಲಿ ಕೇಳುತ್ತಾರೆ, ಇನ್ನೊಬ್ಬರು ಬ್ಯಾರಿಯಲ್ಲಿ, ನಾವು ಕನ್ನಡದಲ್ಲಿ, ಕೃಷಿ ಭವನದವರು ಮಲಯಾಳದಲ್ಲಿ. ಮೆಂಬರು ನಾಲ್ಕಕ್ಕೂ ಉತ್ತರ ಕೊಡುತ್ತಾರೆ. ಕಾಲುಸಂಕ ಬೇಕು ಎಂದರೆ ಎಲ್ಲಿ, ಎಷ್ಟು ಅಗಲ ಎಂದು ಅಲ್ಲೇ ಮಾತಾಗುತ್ತದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ನಿನಗೆ ಗೊತ್ತಿರಬೇಕು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದು ಬದುಕಿಡೀ ಹೋರಾಡಿದವರು. ಅವರೇ ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ಗಡಿಯ ವಿರುದ್ಧ ಹೋರಾಡುತ್ತಲೇ ಊರಿನ ರಸ್ತೆಯ ಕೆಲಸವನ್ನೂ ಮಾಡಿದರು. ನಮಗೆ ಎರಡೂ ಬೇಕು.

ಅಂದರೆ ಮಾತಿನಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ಕಾಗದದಲ್ಲಿ.

ಅಜ್ಜ ತೀರಿಹೋದ ಮೇಲೆ ಜಾಗವನ್ನು ಅಪ್ಪನ ಹೆಸರಿಗೆ ಮಾಡಿಸಬೇಕಿತ್ತು. ನೀವು ಖಾತೆ ಬದಲಾವಣೆ ಎನ್ನುತ್ತೀರಿ, ಇಲ್ಲಿ ಪೋಕ್ಕುವರವ್. ಅಜ್ಜನ ದಸ್ತಾವೇಜು ಕನ್ನಡದಲ್ಲಿದೆ. ದಪ್ಪ ಕಾಗದ, ಮದರಾಸು ಕಾಲದ ಮುದ್ರೆ, ಓರೆಯಾದ ಮೋಡಿ ಕೈಬರಹ. ಅದನ್ನು ನೋಡಿದ ಅಧಿಕಾರಿ ತೆಂಕಣದ ಜಿಲ್ಲೆಯಿಂದ ಹೊಸದಾಗಿ ಬಂದವರು. ಒಂದಕ್ಷರ ಓದಲು ಬರುವುದಿಲ್ಲ. ಅದು ಅವರ ತಪ್ಪಲ್ಲ. "ಮಲಯಾಳಕ್ಕೆ ಮಾಡಿಸಿ ತನ್ನಿ" ಎಂದರು. ಮಾಡಿಸಿದೆವು. ಹಾಗೆ ಮಾಡಿಸುವಾಗ ಊರಿನ ಹೆಸರಿನ ಬಾಲ ಬದಲಾಯಿತು. ಕುಂಬಳೆ ಕುಂಬಳ ಆಗುತ್ತದೆ, ಮಂಜೇಶ್ವರ ಮಂಜೇಶ್ವರಂ ಆಗುತ್ತದೆ, ಅದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಆದರೆ ಗದ್ದೆಯ ಹೆಸರು, ತೋಡಿನ ಹೆಸರು ಬದಲಾದರೆ? "ಈ ಜಾಗ ಆ ಜಾಗವೇ ಎಂದು ಹೇಗೆ ನಂಬುವುದು?" ಎಂದು ಕೇಳಿದರು.

ಅದಾದ ಮೇಲೆ ಅಪ್ಪನ ಹೆಸರು. ಶಾಲೆಯ ದಾಖಲೆಯಲ್ಲಿ ಅವರು ನಾರಾಯಣ. ರೇಷನ್ ಕಾರ್ಡಿನಲ್ಲಿ ಯಾರೋ ಮಲಯಾಳದ ರೂಢಿಯಂತೆ ನಾರಾಯಣನ್ ಎಂದು ಬರೆದರು. ಮತದಾರರ ಚೀಟಿಯಲ್ಲಿ ಕೆ. ನಾರಾಯಣ. ಆಧಾರಿನಲ್ಲಿ ಅದೇ ಅಕ್ಷರ ಹಿಂದೆ ಹೋಗಿ ನಾರಾಯಣ ಕೆ. ಇಲ್ಲಿನ ಪ್ರತಿ ಫಾರಮ್ಮಿನಲ್ಲಿ ಮನೆ ಹೆಸರಿಗೆ ಒಂದು ಜಾಗ ಇರುತ್ತದೆ, ಅಲ್ಲಿ ಒಂದೊಂದು ಸಲ ಒಂದೊಂದು ತರಹ ಬರೆದಿದ್ದಾರೆ. ಅಪ್ಪನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರ ಶಾಲೆ ಕನ್ನಡ ಮೀಡಿಯಂ. ಹಾಗಾಗಿ ತಪ್ಪು ಬರೆದದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ತೋರಿಸಿದ ಕಡೆ ಸಹಿ ಹಾಕಿದರು. ಸಹಿ ಮಾತ್ರ ಎಲ್ಲ ಕಡೆ ಒಂದೇ, ಕನ್ನಡದಲ್ಲಿ.

ಇದಕ್ಕೆ ಪರಿಹಾರವೂ ಇದೆ. ವಿಲ್ಲೇಜ್ ಆಫೀಸಿನಲ್ಲಿ ಒಂದು ಸರ್ಟಿಫಿಕೇಟು ಸಿಗುತ್ತದೆ. 'ವನ್ ಆ್ಯಂಡ್ ದಿ ಸೇಮ್' ಎಂದೇ ಅದರ ಹೆಸರು. ಈ ನಾರಾಯಣ, ಆ ನಾರಾಯಣನ್ ಇಬ್ಬರೂ ಒಬ್ಬನೇ ವ್ಯಕ್ತಿ ಎಂದು ಸರ್ಕಾರ ಬರೆದುಕೊಡುತ್ತದೆ. ಅದು ಕೇರಳದಲ್ಲಿ ಎಲ್ಲರಿಗೂ ಇರುವ ಸೌಲಭ್ಯ. ಆದರೆ ನಮ್ಮ ಕಡೆ ಒಂದು ಮನೆಯಲ್ಲಿ ಇಂಥದ್ದು ಎರಡು ಮೂರು ಇರುವುದು ವಿಶೇಷವೇ ಅಲ್ಲ. ಅಪ್ಪನಿಗೊಂದು, ಅಮ್ಮನಿಗೊಂದು, ತೀರಿಹೋದ ಅಜ್ಜನ ಹೆಸರಿಗೂ ಒಂದು ಬೇಕಾಯಿತು. ಕೊನೆಗೆ ಆ ಸರ್ಟಿಫಿಕೇಟಿನಲ್ಲೇ ಹೆಸರಿನ ಒಂದಕ್ಷರ ತಪ್ಪಿತ್ತು. ಅವತ್ತು ಅಪ್ಪ ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ ಕೂತು, "ನಾನು ಯಾರು ಅಂತ ನಾನು ಹೇಳಿದರೆ ಸಾಕಾಗುವುದಿಲ್ವಾ?" ಎಂದು ಕೇಳಿದರು. ಎಪ್ಪತ್ತು ದಾಟಿದ ಮನುಷ್ಯ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮಲಯಾಳ ಕಲಿತರೆ ಮುಗೀತಲ್ವಾ? ನಾನು ಕಲಿತಿದ್ದೇನೆ. ಪೇಪರು ಓದುತ್ತೇನೆ, ಮಗಳ ಪಾಠ ನೋಡಿಕೊಡುತ್ತೇನೆ. ಮಲಯಾಳದ ಮೇಲೆ ನನಗೆ ಯಾವ ಕೋಪವೂ ಇಲ್ಲ, ಅದೂ ನಮ್ಮ ಪಕ್ಕದ ಮನೆಯ ಮಾತೇ. ಆದರೆ ಅಪ್ಪನ ವಯಸ್ಸಿನವರು ಏನು ಮಾಡಬೇಕು? ಒಬ್ಬ ಮನುಷ್ಯ ತನ್ನ ಜಾಗದ ಕಾಗದವನ್ನು ಬೇರೆಯವರ ಕೈಯಲ್ಲಿ ಓದಿಸಿಕೊಳ್ಳಬೇಕು ಎಂದರೆ, ಅವನು ಅವರನ್ನು ಸುಮ್ನೆ ನಂಬಬೇಕು. ಅಂಥ ನಂಬಿಕೆಯಿಂದ ಜಾಗ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಇನ್ನೊಂದು, ನಾವು ಕೇಳುವುದು ದಯೆಯಲ್ಲ. 1969ರ ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲೇ ಇದೆ. ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರಕ್ಕೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ತಮ್ಮ ಮಾತಿನಲ್ಲೇ ಬರೆಯಬಹುದು. ಉತ್ತರವನ್ನೂ ಅದೇ ಮಾತಿನಲ್ಲಿ ಕೊಡಬೇಕು. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎನ್ನುವ ಸಂವಿಧಾನದ 350ನೇ ವಿಧಿ ಅದಕ್ಕೂ ಮೇಲೆ ಇದೆ. ಕೇರಳದ ಪಿಎಸ್‌ಸಿ ನಮ್ಮ ಜಿಲ್ಲೆಗೆಂದೇ ಕನ್ನಡ, ಮಲಯಾಳ ಎರಡೂ ಬರುವ ಗುಮಾಸ್ತರ ಹುದ್ದೆಗೆ ಅರ್ಜಿ ಕರೆಯುತ್ತದೆ. ಓಟಿನ ದಿನ ಮತಯಂತ್ರದ ಮೇಲೆ ಅಭ್ಯರ್ಥಿಯ ಹೆಸರು ಕನ್ನಡದಲ್ಲೂ ಇರುತ್ತದೆ. 2021ರಲ್ಲಿ ಮಂಜೇಶ್ವರದ ಶಾಸಕರು ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣ ವಚನ ತೆಗೆದುಕೊಂಡರು. ಅವತ್ತು ನಮ್ಮ ಅಂಗಡಿ ಕಟ್ಟೆಯಲ್ಲಿ ಆ ವಿಡಿಯೋ ನೋಡದವರಿಲ್ಲ. ಅಷ್ಟು ದೂರ, ರಾತ್ರಿ ಇಡೀ ರೈಲಿನಲ್ಲಿ ಹೋಗಬೇಕಾದ ಊರಿನಲ್ಲಿ ಕನ್ನಡ ಕೇಳಿಸಿತು. ಹತ್ತಿರದ ಕಚೇರಿಯ ಕೌಂಟರಿನಲ್ಲಿ ಕನ್ನಡದ ಅರ್ಜಿ ನಮೂನೆ ಕೇಳಿದರೆ ಮಾತ್ರ, "ಮುಗಿದಿದೆ" ಎನ್ನುತ್ತಾರೆ.

ಕರ್ನಾಟಕಕ್ಕೆ ಬಂದರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದೀಯಾ? ಅಲ್ಲಿಯೂ ನಮ್ಮನ್ನು ಪರೀಕ್ಷೆ ಮಾಡಿಯೇ ಒಳಗೆ ಬಿಡುವುದು. ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ, ಒಳ್ಳೆಯದೇ. ಆದರೆ ನಮ್ಮ ಮಕ್ಕಳು ಕನ್ನಡ ಬರುತ್ತದೆ ಎಂದು ತೋರಿಸಲು ಬೇರೆ ಪರೀಕ್ಷೆ ಬರೆಯಬೇಕು. 2020ರ ಮಾರ್ಚ್ ನೆನಪಿದೆಯಾ? ಕೊರೋನಾ ಎಂದು ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ನಮಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಆಂಬುಲೆನ್ಸುಗಳು ಗಡಿಯಲ್ಲಿ ನಿಂತವು, ವಿಷಯ ಹೈಕೋರ್ಟಿಗೆ ಹೋಯಿತು. ನಮ್ಮ ಅಡಿಕೆ ಹೋಗುವುದು ಮಂಗಳೂರಿಗೆ, ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1973ರಿಂದ ಎರಡೂ ರಾಜ್ಯದ ಬೆಳೆಗಾರರದ್ದು. ಹೆಣ್ಣು ಕೊಡುವುದು, ತರುವುದು ಪುತ್ತೂರು, ವಿಟ್ಲದ ಕಡೆಗೆ. ಅಡಿಕೆಗೆ, ಮದುವೆಗೆ ಇಲ್ಲದ ಗಡಿ ಕಾಯಿಲೆ ಬಿದ್ದ ದಿನ ಎದ್ದು ನಿಂತಿತು. ಅದನ್ನು ಮರೆಯಲು ನಮಗೆ ಕಷ್ಟ.

ಅಪ್ಪನ ವಿಷಯ ಪೂರ್ತಿ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ನಾನು ಕೂತು ಒಂದು ಅರ್ಜಿ ಬರೆದೆ. ಪೂರ್ತಿ ಕನ್ನಡದಲ್ಲಿ. ಮೊದಲ ಸಾಲಿನಲ್ಲೇ 1969ರ ಕಾನೂನಿನ ಹೆಸರು ಹಾಕಿದೆ. ಉತ್ತರವನ್ನೂ ಕನ್ನಡದಲ್ಲೇ ಕೊಡಿ ಎಂದು ಕೊನೆಯಲ್ಲಿ ಮತ್ತೊಮ್ಮೆ ಬರೆದೆ. ಒಂದು ತಿಂಗಳು ಏನೂ ಇಲ್ಲ. ಎರಡು ಸಲ ಹೋಗಿ ಕೇಳಿದೆ. ಆಮೇಲೆ ಅಂಚೆಯಲ್ಲಿ ಕಾಗದ ಬಂತು. ಆರು ಸಾಲು, ಕನ್ನಡದಲ್ಲಿ. ಎರಡು ಕಡೆ ಕಾಗುಣಿತ ತಪ್ಪಿತ್ತು. ಆದರೂ ಆ ಗುಮಾಸ್ತರ ಮೇಲೆ ನನಗೆ ಪ್ರೀತಿ ಬಂತು, ಯಾರೋ ಕೂತು ಕಷ್ಟಪಟ್ಟು ಬರೆದಿದ್ದಾರೆ. ಅಪ್ಪ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಓದಿದರು. ನಾನು ಓದಿ ಹೇಳಲು ಹೋದರೆ ಕೈ ಎತ್ತಿ ತಡೆದರು. ಎರಡನೇ ಸಲ ಅಮ್ಮನಿಗೆ ಕೇಳುವಂತೆ ಜೋರಾಗಿ ಓದಿದರು. ಯಾವ ಕಾಗದ ಬಾಕಿ ಇದೆ, ಯಾಕೆ ಬಾಕಿ ಇದೆ ಎಂದು ಅವರಿಗೆ ಅವತ್ತೇ ಮೊದಲ ಸಲ ಸ್ವತಃ ಗೊತ್ತಾಯಿತು.

ಪೋಕ್ಕುವರವ್ ಇನ್ನೂ ಆಗಿಲ್ಲ. ಸರ್ವೆ ನಂಬರಿನ ಒಂದು ನಕಲು ಕೊಡಬೇಕಂತೆ. ಸೋಮವಾರ ಹೋಗುತ್ತಿದ್ದೇವೆ. ಇಷ್ಟು ದಿನ ಎಲ್ಲ ನನ್ನ ಮೇಲೆ ಬಿಟ್ಟಿದ್ದ ಅಪ್ಪ, ಈ ಸಲ ತಾವೇ ಕೌಂಟರಿನಲ್ಲಿ ಮಾತಾಡುತ್ತೇನೆ ಎಂದಿದ್ದಾರೆ. ಆ ಕನ್ನಡದ ಉತ್ತರವನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.